ಕತ್ತರಿಸುವುದೆಷ್ಟು, ಉಳಿಸುವುದೆಷ್ಟು

1933ರ ಏಪ್ರಿಲ್‌ನಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಶಸ್ತ್ರವೈದ್ಯ ಇವಾರ್ಟ್ಸ್ ಗ್ರಹಾಂ ಅವರು ಕ್ಯಾನ್ಸರ್ ಹಿಡಿದ ಇಡೀ ಶ್ವಾಸಕೋಶವೊಂದನ್ನು ಒಂದೇ ಸಲಕ್ಕೆ ತೆಗೆದು ರೋಗಿಯನ್ನು ಬದುಕಿಸಿದರು. ಸ್ವತಃ ವೈದ್ಯನಾಗಿದ್ದ ಆ ರೋಗಿ, 1957ರಲ್ಲಿ ಅದೇ ವ್ಯಾಧಿಗೆ ತುತ್ತಾದ ಗ್ರಹಾಮರಿಗಿಂತಲೂ ಹೆಚ್ಚು ಕಾಲ ಬಾಳಿದನು. ಆ ಸಾಹಸಕ್ಕೆ ಸಲ್ಲಬೇಕಾದ ಗೌರವ ಸಲ್ಲಲಿ. ಆದರೆ ಮಂದಗತಿಯ ವಿರಳ ಗಡ್ಡೆಗೂ ಉಗ್ರ ಕ್ಯಾನ್ಸರಿಗೂ ಒಂದೇ ಕತ್ತಿಯ ಅಳತೆಯನ್ನು ಹಿಡಿಯುವುದು ಯುಕ್ತವೆ?

ಶ್ವಾಸಕೋಶದ ಗಡ್ಡೆಗಳಲ್ಲಿ ನೂರಕ್ಕೆ ಒಂದೆರಡರಷ್ಟು ಮಾತ್ರ ಕಾಣಬರುವ ಕಾರ್ಸಿನಾಯ್ಡ್‌ಗೆ ಆ ಹೆಸರು ಬಂದುದು ಕರುಳಿನ ಗಡ್ಡೆಗಳಿಂದ. ಕ್ಯಾನ್ಸರನ್ನು ಹೋಲಿಯೂ ಅದರ ಕ್ರೌರ್ಯವಿಲ್ಲದವೆಂಬ ಭಾವದಿಂದ ಜರ್ಮನಿಯ ರೋಗಶಾಸ್ತ್ರಜ್ಞ ಓಬರ್‌ನ್‌ಡಾರ್ಫರ್ 1907ರಲ್ಲಿ ಅವುಗಳಿಗೆ ಈ ಹೆಸರನ್ನಿತ್ತರು. ಇವು ಹರಡಲೂ ಬಲ್ಲವೆಂದು 1929ರಲ್ಲಿ ಅವರೇ ತಿದ್ದಿಕೊಂಡರೂ, ಹೆಸರಿನ ಮೃದುತ್ವ ಇಂದಿಗೂ ಕೆಲವರನ್ನು ಮೋಸಗೊಳಿಸುತ್ತಿದೆ. ಬೀಡಿ ಸಿಗರೇಟುಗಳನ್ನು ಮುಟ್ಟದ ಯುವಕ ಯುವತಿಯರ ಶ್ವಾಸನಾಳದಲ್ಲಿಯೂ ಇದು ಬೆಳೆದು, ಉಬ್ಬಸವೆಂದು ವರ್ಷಗಟ್ಟಲೆ ಔಷಧ ನುಂಗಿಸಿ, ಕಡೆಗೊಂದು ದಿನ ಕಫದಲ್ಲಿ ರಕ್ತವಾಗಿ ತನ್ನ ನಿಜಸ್ವರೂಪವನ್ನು ತೋರುವುದುಂಟು.

1947ರಲ್ಲಿ ಲಂಡನ್ನಿನ ಕ್ಲೆಮೆಂಟ್ ಪ್ರೈಸ್ ಥಾಮಸರ ಮುಂದೆ ಇಂಥದೇ ಗಡ್ಡೆಯ ತರುಣನೊಬ್ಬನಿದ್ದನು. ವಾಯುಪಡೆಯ ಶಿಕ್ಷಾರ್ಥಿಯಾದ ಅವನಿಗೆ ಶ್ವಾಸಕೋಶವನ್ನು ಕಳೆದುಕೊಳ್ಳುವುದೆಂದರೆ ಆಕಾಶವನ್ನೇ ಕಳೆದುಕೊಂಡಂತೆ. ಥಾಮಸರು ಇಡೀ ಶ್ವಾಸಕೋಶವನ್ನು ತೆಗೆಯದೆ, ಗಡ್ಡೆ ಕುಳಿತಿದ್ದ ನಾಳದ ಭಾಗವನ್ನು, ಅಂಗಿಯ ತೋಳಿನ ತುಂಡೊಂದನ್ನು ಕತ್ತರಿಸುವಂತೆ ಕತ್ತರಿಸಿ, ಉಳಿದೆರಡು ತುದಿಗಳನ್ನು ಕೂಡಿಸಿ ಹೊಲಿದರು. ಈ ವಿಧಾನವನ್ನು ನಾನು ಮೆಚ್ಚುವುದು ಅದರ ಕೈಚಳಕಕ್ಕಾಗಿ ಅಲ್ಲ, ರೋಗದ ಸ್ವಭಾವವನ್ನರಿತು ಶಸ್ತ್ರವನ್ನು ತಡೆಹಿಡಿದ ವಿವೇಕಕ್ಕಾಗಿ. ಬಲ ಶ್ವಾಸಕೋಶವನ್ನು ಪೂರ್ತಿಯಾಗಿ ತೆಗೆದಲ್ಲಿ ಉಸಿರಾಟದ ಅರ್ಧಕ್ಕಿಂತ ಹೆಚ್ಚು ಬಲ ಹೋಗುವುದಲ್ಲದೆ, ಹೃದಯವು ಸಮಸ್ತ ರಕ್ತವನ್ನೂ ಉಳಿದೊಂದು ಶ್ವಾಸಕೋಶದ ಮೂಲಕವೇ ನೂಕಬೇಕಾಗುತ್ತದೆ. ಸೌಮ್ಯ ಬಗೆಯ ಕಾರ್ಸಿನಾಯ್ಡಿನ ರೋಗಿಯಾದರೋ ಸರಿಯಾದ ಶಸ್ತ್ರಚಿಕಿತ್ಸೆಯ ಬಳಿಕ ದಶಕಗಳ ಕಾಲ ಬಾಳುವ ಸಂಭವವುಳ್ಳವನಾದ್ದರಿಂದ, ಈ ಭಾರವನ್ನೂ ಅಷ್ಟೇ ದಶಕಗಳು ಹೊರಬೇಕಾದವನು.

ಹಾಗೆಂದು ಉಳಿಸುವ ಮಾರ್ಗವು ನಿರಪಾಯವಲ್ಲ. ಹೊಲಿಗೆ ಬಿಟ್ಟರೆ ಗಾಳಿ ಎದೆಗೂಡಿನೊಳಕ್ಕೆ ಸೋರಿ ಕೀವು ಕಟ್ಟಬಹುದು. ಮಾಯುವಾಗ ಕಲೆ ಬಿಗಿದು ನಾಳ ಕಿರಿದಾಗಬಹುದು. ಪಕ್ಕದ ರಕ್ತನಾಳವನ್ನು ಹುಣ್ಣು ಕೊರೆದರೆ ಕ್ಷಣಾರ್ಧದಲ್ಲಿ ಸರ್ವವೂ ಮುಗಿಯಬಹುದು. ಈ ಗಡ್ಡೆ ರಕ್ತಸಮೃದ್ಧವಾದುದರಿಂದ ಪರೀಕ್ಷೆಗೆಂದು ಚೂರು ಕೀಳುವಾಗಲೇ ನೆತ್ತರು ಚಿಮ್ಮುವ ಭಯವುಂಟು. ವಿರಳವಾಗಿ, ಅರಿವಳಿಕೆಯ ಹೊತ್ತಿನಲ್ಲಿ ಗಡ್ಡೆಯಿಂದ ಹೊರಬಿದ್ದ ರಾಸಾಯನಿಕಗಳು ರಕ್ತದೊತ್ತಡವನ್ನು ಏರುಪೇರು ಮಾಡುವುದರಿಂದ ಆಕ್ಟ್ರಿಯೊಟೈಡ್ ಔಷಧವನ್ನು ಸಿದ್ಧವಾಗಿರಿಸಿಕೊಂಡಿರಬೇಕಾಗುತ್ತದೆ.

ನನ್ನ ಮುಖ್ಯ ಆಕ್ಷೇಪವು ಬೇರೊಂದು ಪದ್ಧತಿಯ ಮೇಲೆ: ಎದೆಯನ್ನು ತೆರೆಯದೆ ಕೊಳವೆ ಇಳಿಸಿ ಗಡ್ಡೆಯ ಕಾಣುವ ಭಾಗವನ್ನಷ್ಟೇ ಸುಟ್ಟು ತೆಗೆದು, ಗುಣವಾಯಿತೆಂದು ಮನೆಗೆ ಕಳುಹಿಸುವುದು. ಒಳನಾಳದಲ್ಲಿ ಚಿಕ್ಕದಾಗಿ ತೋರುವ ಗಡ್ಡೆ, ಗೋಡೆಯ ಆಚೆ ದೊಡ್ಡದಾಗಿ ಹಬ್ಬಿರುವುದುಂಟು. ಶಸ್ತ್ರಚಿಕಿತ್ಸೆಯನ್ನು ತಾಳಲಾರದ ದುರ್ಬಲರಿಗೆ ಇದು ಆಸರೆಯಾಗಬಲ್ಲುದು, ಸಮರ್ಥರಿಗೆ ಮಾತ್ರ ವಂಚನೆ. ನಾಳವನ್ನು ಕತ್ತರಿಸಿ ಕೂಡಿಸುವವರಾದರೂ ದುಗ್ಧಗ್ರಂಥಿಗಳನ್ನು ತೆಗೆಯದೆ, ಕತ್ತರಿಸಿದ ಅಂಚನ್ನು ಪರೀಕ್ಷಿಸದೆ ಹೊಲಿಗೆಗೆ ತೊಡಗಿದರೆ ಅದೇ ತಪ್ಪನ್ನು ಮಾಡಿದಂತಾಯಿತು. ಆದ್ದರಿಂದ ಬಲ್ಲ ಶಸ್ತ್ರವೈದ್ಯನು, ತೆರೆದ ಎದೆಯ ಮುಂದೆ ಸೂಜಿಯನ್ನು ಕೆಳಗಿಟ್ಟು, ನಾಳದಂಚಿನ ಚೂರನ್ನು ಪ್ರಯೋಗಶಾಲೆಗೆ ಕಳುಹಿಸಿ, ಅಲ್ಲಿ ಅದನ್ನು ಹೆಪ್ಪುಗಟ್ಟಿಸಿ ಸೂಕ್ಷ್ಮದರ್ಶಕದಡಿ ನೋಡುವವನಿಂದ ಉತ್ತರ ಬರುವತನಕ ಕಾದು ನಿಲ್ಲುತ್ತಾನೆ.