ತೆರೆಯ ಮೇಲಿನ ಗುಲಾಬಿ, ತೆರೆಗೆ ಬಾರದ ಸಾಹುಕಾರ

ವೈದೇಹಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿಯವರು 2008ರಲ್ಲಿ ತೆಗೆದ ‘ಗುಲಾಬಿ ಟಾಕೀಸು’ ಎಷ್ಟು ಸಲ ನೋಡಿದರೂ ಹಳತಾಗುವುದಿಲ್ಲ. ಕರಾವಳಿಯ ಮೀನುಗಾರರ ಕುದ್ರುವಿನಲ್ಲಿ, ಅಂದರೆ ನಡುಗಡ್ಡೆಯಲ್ಲಿ, ಇರುವ ಸೂಲಗಿತ್ತಿ ಗುಲಾಬಿಗೆ ಸಿನಿಮಾ ಎಂದರೆ ಪ್ರಾಣ. ಗಂಡ ಮೂಸಾ ಅವಳನ್ನು ಬಿಟ್ಟು ಬೇರೆ ಸಂಸಾರ ಹೂಡಿದ್ದಾನೆ. ಅವಳ ಆಸೆ, ಒಂಟಿತನ, ಹಟ ಎಲ್ಲವೂ ನಮಗೆ ಮೊದಲು ಪರಿಚಯವಾಗುತ್ತವೆ. ಅವಳು ಮುಸ್ಲಿಂ ಎಂಬುದು ಊರವರ ಬಾಯಲ್ಲಿ ದೊಡ್ಡ ಮಾತಾಗುವ ಹೊತ್ತಿಗೆ ನಾವಾಗಲೇ ಅವಳ ಕಡೆಯವರಾಗಿರುತ್ತೇವೆ. ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರವಿದು. ಟಿ.ವಿ. ಮುಂದೆ ಅರಳುವ ಆ ಮುಖವೇ ಮುಂದೆ ಊರಿನ ಗುಮಾನಿಯ ಎದುರು ಕಲ್ಲಾಗುವುದನ್ನು ನೋಡಬೇಕು.

ಕಷ್ಟದ ಹೆರಿಗೆಯೊಂದನ್ನು ಸಲೀಸು ಮಾಡಿಸಿದ್ದಕ್ಕೆ ಅವಳ ಗುಡಿಸಲಿಗೆ ಕಲರ್ ಟಿ.ವಿ., ಡಿಶ್ ಆಂಟೆನಾ ಬರುತ್ತವೆ. ಗಂಡಸರು ಕಡಲಿಗಿಳಿದ ಮೇಲೆ ಹೆಂಗಸರು ಅಲ್ಲಿ ಸೇರುತ್ತಾರೆ. ಕೆಲವರು ಒಳಗೆ ಬಂದು ಕೂರುತ್ತಾರೆ, ಕೆಲವರು ಮುಸ್ಲಿಂ ಮನೆಯೆಂದು ಹೊರಗೇ ನಿಂತು ಇಣುಕುತ್ತಾರೆ. ಕಾಸರವಳ್ಳಿ ಯಾರನ್ನೂ ಬೈಯುವುದಿಲ್ಲ. ಯಾರು ಎಲ್ಲಿ ನಿಂತರು ಎಂಬುದನ್ನು ತೋರಿಸುತ್ತಾರೆ, ಅಷ್ಟೆ. ನಮ್ಮ ಮೆಟ್ರಿ, ಕಂಪ್ಲಿ, ಸಂಡೂರು ಸೀಮೆಯವರಿಗೆ ಈ ದೃಶ್ಯ ಹೆಚ್ಚು ನಾಟೀತು. ಮೊಹರಂ ಬಂದರೆ ಪೀರಲ ದೇವರಿಗೆ ಸಕ್ಕರೆ ಓದಿಸಲು, ಅಲಾಯಿ ಕುಣಿಯ ಸುತ್ತ ಹೆಜ್ಜೆ ಹಾಕಲು ಎಲ್ಲ ಜಾತಿಯವರೂ ಕೂಡುವ ನಾಡಿದು. ಇಲ್ಲಿಯವರಿಗೆ ಒಳಗೆ ಹೋದವರಿಗಿಂತ ಹೊರಗೆ ನಿಂತವರೇ ಸೋಜಿಗ.

ಚಿತ್ರದ ನಿಜವಾದ ಕುಶಲತೆ ಮತ್ತೊಂದು ಕಡೆ ಇದೆ. ಸಣ್ಣ ಮೀನುಗಾರರ ಹೊಟ್ಟೆಯ ಮೇಲೆ ಹೊಡೆಯುವ ದೊಡ್ಡ ಬೋಟಿನ ಮುಸ್ಲಿಂ ಸಾಹುಕಾರನ ಹೆಸರು ಎಲ್ಲರ ಬಾಯಲ್ಲೂ ಇದೆ, ಆದರೆ ಅವನು ಒಮ್ಮೆಯೂ ತೆರೆಗೆ ಬರುವುದಿಲ್ಲ. 1999ರ ಕಾರ್ಗಿಲ್ ಯುದ್ಧದ ಬಿಸಿ ಕುದ್ರುವಿಗೂ ತಟ್ಟುತ್ತದೆ. ಗುಲಾಬಿ ಹಚ್ಚಿಕೊಂಡಿದ್ದ ನೇತ್ರು ಎಂಬ ಯುವತಿ ಕಾಣೆಯಾಗುತ್ತಾಳೆ. ಕಾಣದ ಸಾಹುಕಾರನ ಮೇಲಿನ ಸಿಟ್ಟು ಕೈಗೆ ಸಿಕ್ಕ ಸೂಲಗಿತ್ತಿಯ ಮೇಲೆ ತಿರುಗುತ್ತದೆ. ಊರಿನ ಮಕ್ಕಳನ್ನು ಭೂಮಿಗೆ ತಂದ ಕೈ ಅವಳದು. ಅವಳನ್ನೇ ದೋಣಿ ಹತ್ತಿಸಿ ಕಳಿಸುತ್ತಾರೆ.

ಲೋಕದ ಸಿನಿಮಾ ಬಹಳ ಕಾಲ ಕಾಸರವಳ್ಳಿಯವರ ಈ ರೀತಿಗೆ ತಿರುಗಾಮುರುಗಾ ನಡೆದಿದೆ. ಹಾಲಿವುಡ್‌ನ 900ಕ್ಕೂ ಹೆಚ್ಚು ಚಿತ್ರಗಳನ್ನು ಜಾಲಾಡಿ ಜ್ಯಾಕ್ ಶಾಹೀನ್ 2001ರಲ್ಲಿ ಪುಸ್ತಕ ಬರೆದರು. ಅವರು ಕಂಡ ಅರಬರಲ್ಲಿ ಬಹುಪಾಲು ಖಳರು, ಮೋಜಿನ ಶೇಖರು, ಬಾಂಬು ಹಿಡಿದವರು. ಅಲ್ಲಿ ತೆರೆ ತುಂಬ ಭಯವೇ ಇತ್ತು, ನೆರೆಮನೆಯವರು ಇರಲಿಲ್ಲ. ಕಾಸರವಳ್ಳಿ ಭಯವನ್ನು ಮಾತಿಗೆ ಬಿಟ್ಟು, ತೆರೆಯನ್ನು ಮನುಷ್ಯಳಿಗೆ ಕೊಟ್ಟರು. ಬಾನು ಮುಷ್ತಾಕ್ ಅವರ ‘ಕರಿನಾಗರಗಳು’ ಕಥೆಯಿಂದ 2004ರಲ್ಲಿ ಮಾಡಿದ ‘ಹಸೀನಾ’ದಲ್ಲೂ ಅದೇ ನಡೆ: ಗಂಡ ಕೈಬಿಟ್ಟ ಹೆಣ್ಣು, ಮಕ್ಕಳನ್ನು ಕಟ್ಟಿಕೊಂಡು ಮಸೀದಿಯ ಮುಂದೆ ಕೂತು ನ್ಯಾಯ ಕೇಳುತ್ತಾಳೆ, ಆ ಪಾತ್ರ ಮಾಡಿದ ತಾರಾ ಆ ಕೇಳುವಿಕೆಯಲ್ಲಿ ದೈನ್ಯಕ್ಕಿಂತ ಹಕ್ಕನ್ನೇ ತುಂಬಿದ್ದಾರೆ.

ಮುಸ್ಲಿಂ ಪಾತ್ರಗಳನ್ನು ಒಳ್ಳೆಯವರೆಂದು ಸಾರಿದರೆ ಸಾಲದು. ಅವರಿಗೂ ಒಂದು ಹುಚ್ಚು, ಒಂದು ಹಟ, ಒಂದು ತಕರಾರು ಇರಬೇಕು. ಆಗ ಮಾತ್ರ ನೋಡುಗ ಅವರ ಪರವಾಗಿ ಜಗಳಕ್ಕೆ ನಿಲ್ಲುತ್ತಾನೆ. ಗುಲಾಬಿಗಾಗಿ ನಾನು ಇವತ್ತಿಗೂ ನಿಲ್ಲುತ್ತೇನೆ.