ಕುಸ್ವಾರ್ ತಟ್ಟೆ

ಡಿಸೆಂಬರ್ ಬಂತೆಂದರೆ ಮಂಗಳೂರಿನ ಕೊಂಕಣಿ ಕ್ರೈಸ್ತರ ಮನೆಗಳಲ್ಲಿ ಬಾಣಲೆಗೆ ಬಿಡುವಿಲ್ಲ. ಕ್ರಿಸ್ಮಸ್ಸಿನ ಕುಸ್ವಾರ್ ತಿಂಡಿಗಳದ್ದೊಂದು ದೊಡ್ಡ ಬಳಗ: ಹೂರಣ ತುಂಬಿದ ನೆವ್ರಿ, ಅಚ್ಚಿನಿಂದ ಬಿಟ್ಟು ಎಣ್ಣೆಯಲ್ಲಿ ಅರಳುವ ರೋಸ್ ಕುಕ್ಕಿ, ಗುಳಿಯೊ, ತುಕ್ಡಿ, ಚಕ್ಕುಲಿ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಕಿಡಿಯೊ. ಮೈದಾ ಹಿಟ್ಟಿನ ಗೋಲಿಯಷ್ಟು ಉಂಡೆಯನ್ನು ಫೋರ್ಕಿನ ಬೆನ್ನಿಗೋ ಹೊಸ ಬಾಚಣಿಗೆಗೋ ಒತ್ತಿ, ಹೆಬ್ಬೆರಳಿಂದ ಸುರುಳಿ ಸುತ್ತಬೇಕು. ಮೈಮೇಲೆ ಗೆರೆ ಮೂಡಲೇಬೇಕು. ಕರಿದ ಮೇಲೆ ಸಕ್ಕರೆ ಪಾಕ ಹಿಡಿಯುವುದು ಆ ಗೆರೆಗಳಲ್ಲೇ. ನೂರಾರು ಸುರುಳಿ ಒಬ್ಬರಿಂದಾಗದ ಕೆಲಸ. ಅಜ್ಜಿ, ಸೊಸೆ, ಮಕ್ಕಳು ಒಂದೇ ಚಾಪೆಯ ಸುತ್ತ ಕೂರುತ್ತಾರೆ. ಹೀಗೆ ಕೂರಿಸುವ ಹಬ್ಬದಡುಗೆ ಈಗ ಎಷ್ಟು ಉಳಿದಿದೆ! ಬೇಕರಿಯ ಪೊಟ್ಟಣದಲ್ಲಿ ರುಚಿ ಸಿಗಬಹುದು, ಒಟ್ಟಿಗೆ ಕೂತ ಸಂಜೆ ಸಿಗದು.

ಆದರೆ ಕುಸ್ವಾರಿನ ನಿಜವಾದ ದೊಡ್ಡತನ ಅದು ಹೊಸ್ತಿಲು ದಾಟುವುದರಲ್ಲಿದೆ. ತಟ್ಟೆಗೆ ಬಟ್ಟೆ ಮುಚ್ಚಿ ಮಕ್ಕಳು ಪಕ್ಕದ ಹಿಂದೂ ಮನೆಗೆ, ಎದುರಿನ ಬ್ಯಾರಿ ಮುಸ್ಲಿಮರ ಮನೆಗೆ ಹೋಗುತ್ತಾರೆ. ಚೌತಿಗೆ ಉಂಡೆ, ಈದ್‌ಗೆ ಬಿರಿಯಾನಿ ಬಂದ ಮನೆಗಳವು. ಸಂತೋಷ ಹೀಗೆ ಹಂಚಿಹೋಗುವುದು ಕ್ರಿಸ್ಮಸ್ಸಿನ ಕಥೆಯಲ್ಲೇ ಇದೆ: ಲೂಕನ ಸುವಾರ್ತೆಯಲ್ಲಿ ಯೇಸುವಿನ ಜನನದ ಸುದ್ದಿ ಮೊದಲು ತಲುಪಿದ್ದು ಕುರುಬರಿಗೆ. ಕಂಡದ್ದನ್ನು ಊರಿಗೆ ಸಾರಿದವರೂ ಅವರೇ. ಕ್ರಿಸ್ತನಿಗೆ ಸಾಕ್ಷಿಯಾಗಿ ಬಾಳುವುದೆಂದರೆ ಉಪದೇಶವೇ ಆಗಬೇಕಿಲ್ಲ ಎಂದು ನಾನು ನಂಬಿದ್ದೇನೆ. ಈ ತಟ್ಟೆ ಯಾರ ನಂಬಿಕೆಯನ್ನೂ ಪ್ರಶ್ನಿಸದೆ, ತನ್ನ ಮನೆಯ ಸಂತೋಷ ಏನೆಂದು ಸ್ಪಷ್ಟವಾಗಿ ಹೇಳುತ್ತದೆ. ಈ ವರ್ಷ ಸಾವಾಗಿ ಕುಸ್ವಾರ್ ಮಾಡದ ಮನೆಗಳಿಗೆ ಮೊದಲ ತಟ್ಟೆ ಹೋಗಲಿ.