ರಾಮಗಢದ ನ್ಯಾಯ

ಬೆಂಗಳೂರಿನಿಂದ ಮೈಸೂರಿನ ಕಡೆಗೆ ಹೋಗುವವರು ರಾಮನಗರವನ್ನು ಸಮೀಪಿಸುತ್ತಿದ್ದಂತೆ ದಾರಿಯ ಬದಿಯಲ್ಲಿ ಬಂಡೆಗಳ ಸಾಲು ಕಾಣಿಸಿಕೊಳ್ಳುತ್ತದೆ. ಅದನ್ನು ಕಂಡೊಡನೆ ಪರಸ್ಥಳದ ಪ್ರವಾಸಿಗರು ಕೇಳುವ ಮೊದಲ ಪ್ರಶ್ನೆ ರಾಮದೇವರ ಬೆಟ್ಟದ ದೇವಾಲಯವನ್ನು ಕುರಿತದ್ದಲ್ಲ, ಅಲ್ಲಿ ಉಳಿದುಕೊಂಡಿರುವ ರಣಹದ್ದುಗಳನ್ನು ಕುರಿತದ್ದೂ ಅಲ್ಲ. ರಾಮಗಢವು ಎಲ್ಲಿತ್ತು ಎಂಬುದು. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್, ಆಂಗ್ಲರ ಕಾಲದಲ್ಲಿ ಕ್ಲೋಸ್‌ಪೇಟೆ, ಕೆಂಗಲ್ ಹನುಮಂತಯ್ಯನವರಿಂದ ರಾಮನಗರ ಎಂದು ಹೆಸರು ಪಡೆದ ಈ ಊರಿಗೆ, ಯಾವ ಸರಕಾರಿ ಆದೇಶವೂ ಇಲ್ಲದೆ ಅಂಟಿಕೊಂಡ ಇನ್ನೊಂದು ಹೆಸರು ಅದು. 2007ರಲ್ಲಿ ಚನ್ನಪಟ್ಟಣ, ಕನಕಪುರ, ಮಾಗಡಿಗಳನ್ನು ಕೂಡಿಸಿಕೊಂಡು ಜಿಲ್ಲೆಯಾಗಿ, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣವೆಂಬ ಹೆಸರು ಬಂದ ಮೇಲೂ ಜನರ ಬಾಯಲ್ಲಿ ರಾಮಗಢ ಅಳಿದಿಲ್ಲ. 'ಶೋಲೆ' ಚಿತ್ರಕ್ಕಾಗಿ ಮರ ಮಣ್ಣುಗಳಿಂದ ಕಟ್ಟಿದ ಆ ಊರು ಚಿತ್ರೀಕರಣ ಮುಗಿದ ಮೇಲೆ ಮಾಯವಾಯಿತು. ಇಲ್ಲದ ಊರನ್ನು ಹುಡುಕಿಕೊಂಡು ಜನ ಬರುತ್ತಲೇ ಇದ್ದಾರೆ.

ಮಠದ ಮಾಸಪತ್ರಿಕೆಯಲ್ಲಿ ಚಲನಚಿತ್ರವೊಂದರ ವಿಮರ್ಶೆ ಏಕೆಂದು ಕೆಲವು ಹಿರಿಯ ವಾಚಕರು ಹುಬ್ಬೇರಿಸಬಹುದು. ಕಲ್ಪಿತ ಲೋಕಗಳು ನಮ್ಮ ಮಕ್ಕಳಿಗೆ ನ್ಯಾಯದ ಪಾಠವನ್ನು ಹೇಳುತ್ತಿವೆ ಎಂಬುದೇ ಇದಕ್ಕೆ ಸಮಾಧಾನ. ಇಂದಿನ ಬಾಲಕರು ಅಂಗೈಯಗಲದ ಫೋನಿನಲ್ಲಿ ಕಾಣದ ದೇಶದ ರಾಕ್ಷಸರನ್ನು ಸಂಹರಿಸಿ, ದಲಿತರಾದ ಕಲ್ಪಿತ ಪ್ರಜೆಗಳನ್ನು ಬಿಡಿಸುವ ಆಟದಲ್ಲಿ ಮುಳುಗಿರುತ್ತಾರೆ. ಅವರ ತಂದೆ ತಾತಂದಿರಿಗೆ ಅಂಥ ಲೋಕವಾಗಿದ್ದುದು ರಾಮಗಢ. ಪೀಡಿತರೊಂದು ಕಡೆ, ಪೀಡಕನೊಂದು ಕಡೆ, ನಡುವೆ ಹೊರಗಿನಿಂದ ಬಂದ ಇಬ್ಬರು ವೀರರು. ಈ ಕಟ್ಟಿನೊಳಗೆ ನ್ಯಾಯವು ಯಾರಿಗೆ ಸಲ್ಲುತ್ತದೆ ಎಂಬುದು ನಮ್ಮ ಜಿಜ್ಞಾಸೆ.

ಕಥೆ ಎಲ್ಲರಿಗೂ ಪರಿಚಿತವೇ. ಡಕಾಯಿತ ಗಬ್ಬರ್ ಸಿಂಗನು ಊರವರ ದವಸವನ್ನು ದೋಚುತ್ತಾನೆ. ಹಿಂದೆ ಪೊಲೀಸ್ ಅಧಿಕಾರಿಯಾಗಿದ್ದ ಠಾಕೂರ್ ಬಲದೇವ್ ಸಿಂಗನ ಮನೆಮಂದಿಯನ್ನು ಕೊಂದು, ಅವನ ಎರಡು ತೋಳುಗಳನ್ನೂ ಕತ್ತರಿಸಿರುತ್ತಾನೆ. ಠಾಕೂರನು ಜೈ ಮತ್ತು ವೀರು ಎಂಬ ಇಬ್ಬರು ಕಳ್ಳರನ್ನು ಹಣ ಕೊಟ್ಟು ಕರೆಸುತ್ತಾನೆ. ಗ್ರಾಮಸ್ಥರ ಪಾಡಿನಿಂದ ಮೊದಲಾದ ಕಥೆ ಸ್ವಲ್ಪ ಹೊತ್ತಿನಲ್ಲೇ ಠಾಕೂರನೊಬ್ಬನ ಸೇಡಾಗಿ ಕುಗ್ಗುವುದನ್ನು ಗಮನಿಸಬೇಕು. ಊರಿನ ಹೊಲಗಳ ಒಡೆತನ ಯಾರದು, ಗಬ್ಬರನು ಬರುವುದಕ್ಕೆ ಮುಂಚೆ ಕಣದ ರಾಶಿಯಲ್ಲಿ ದೊಡ್ಡಮನೆಗೆ ಎಷ್ಟು ಸಲ್ಲುತ್ತಿತ್ತು ಎಂಬ ಪ್ರಶ್ನೆಗಳನ್ನು ಚಿತ್ರವು ಎತ್ತುವುದೇ ಇಲ್ಲ. ಊರವರು ಹೆದರಲು, ನೋಡಲು, ಕೊನೆಗೆ ಕೃತಜ್ಞರಾಗಿರಲು ಮಾತ್ರ ನೇಮಿತರಾದವರಂತೆ ನಿಂತಿರುತ್ತಾರೆ.

ಈ ಚಿತ್ರದಲ್ಲಿ ಎರಡು ಆಟಗಳಿವೆ. ಒಂದು ಗಬ್ಬರನದು. ಸೋತು ಬಂದ ತನ್ನ ಮೂವರು ಅನುಚರರ ಮುಂದೆ ಅವನು ಆರು ಗುಂಡುಗಳ ಪಿಸ್ತೂಲಿನಿಂದ ಮೂರನ್ನು ಆಕಾಶಕ್ಕೆ ಹಾರಿಸಿ, ಉಳಿದ ಮೂರನ್ನು ತಿರುಗಣೆಯಲ್ಲಿ ತಿರುಗಿಸಿ, ಒಬ್ಬೊಬ್ಬರ ತಲೆಗೂ ಗುರಿಯಿಟ್ಟು ಕುದುರೆಯನ್ನೆಳೆಯುತ್ತಾನೆ. ಮೂವರೂ ಬದುಕುತ್ತಾರೆ. ಎಲ್ಲರೂ ನಗುತ್ತಾರೆ, ಸಾವಿನಿಂದ ಪಾರಾದವರೂ ನಗುತ್ತಾರೆ. ಆಮೇಲೆ ಮೂವರನ್ನೂ ಅವನು ಕೊಲ್ಲುತ್ತಾನೆ. ಎರಡನೆಯದು ಜೈನ ನಾಣ್ಯದ ಆಟ. ಪ್ರತಿ ಸಂಕಟದಲ್ಲೂ ನಾಣ್ಯವನ್ನು ಚಿಮ್ಮಿ ತೀರ್ಮಾನ ಪಡೆಯುವ ಅವನ ಕೈಯಲ್ಲಿದ್ದುದು ಎರಡು ಮುಖವೂ ಒಂದೇ ಆದ ನಾಣ್ಯವೆಂದು ಅವನ ಮರಣಾನಂತರವೇ ಗೆಳೆಯನಿಗೆ ತಿಳಿಯುತ್ತದೆ. ಎರಡೂ ಆಟಗಳಲ್ಲಿ ನಿಯಮವು ಸುಳ್ಳು. ಒಂದರಲ್ಲಿ ಬಲಿಷ್ಠನು ಕೊಲ್ಲುವುದಕ್ಕಾಗಿ ನಿಯಮವನ್ನು ಮುರಿಯುತ್ತಾನೆ. ಇನ್ನೊಂದರಲ್ಲಿ ಗೆಳೆಯನು ತಾನು ಸಾಯುವುದಕ್ಕಾಗಿ ಮುರಿಯುತ್ತಾನೆ. ಸಲೀಂ-ಜಾವೇದ್ ಜೋಡಿಯ ಬರವಣಿಗೆಯ ಬಲವೆಲ್ಲ ಈ ಜೋಡಣೆಯಲ್ಲಿದೆ ಎಂದರೆ ತಪ್ಪಾಗಲಾರದು, ಅದನ್ನು ಮನಃಪೂರ್ವಕವಾಗಿ ಮೆಚ್ಚಬೇಕು. ಆದರೆ ಈ ಎರಡು ಆಟಗಳಲ್ಲೂ ಊರವರಿಗೆ ಒಂದು ಕಾಯಿಯೂ ಇಲ್ಲ.

ಒಮ್ಮೆ ಮಾತ್ರ ಅವರು ಬಾಯಿ ಬಿಡುತ್ತಾರೆ. ಕುರುಡ ಇಮಾಮರ ಮಗ ಅಹಮದನ ಶವವು ಊರಿಗೆ ಬಂದಾಗ, ಆ ಇಬ್ಬರನ್ನು ಗಬ್ಬರನಿಗೆ ಒಪ್ಪಿಸಿಬಿಡೋಣವೆಂದು ಕೆಲವರು ಹೇಳುತ್ತಾರೆ. ಮಗನನ್ನು ಕಳೆದುಕೊಂಡ ಆ ವೃದ್ಧನೇ ಅವರನ್ನು ತಡೆಯುತ್ತಾನೆ. ಎ. ಕೆ. ಹಾನಗಲ್ ಅವರು ಅಭಿನಯಿಸಿದ ಈ ಕೆಲವು ನಿಮಿಷಗಳು ಇಡೀ ಚಿತ್ರದಲ್ಲಿ ನಿಜವಾದ ನ್ಯಾಯವಿಚಾರ ನಡೆಯುವ ಸ್ಥಳವೆಂದು ನಮ್ಮ ಭಾವನೆ. ಅಲ್ಲಿ ಬಂದೂಕವಿಲ್ಲ. ನೊಂದವನೊಬ್ಬನು ಉಳಿದ ನೊಂದವರೊಡನೆ ಮಾತನಾಡುತ್ತಿದ್ದಾನೆ.

ಈಗ ಕಾಲವನ್ನು ನೋಡೋಣ. ಚಿತ್ರೀಕರಣವು ಆರಂಭವಾದದ್ದು 1973ರ ಅಕ್ಟೋಬರಿನಲ್ಲಿ. ಚಿತ್ರವು ತೆರೆ ಕಂಡದ್ದು 1975ರ ಆಗಸ್ಟ್ 15ರಂದು. ಬಂಡೆಗಳ ನಡುವೆ ಕ್ಯಾಮೆರಾ ತಿರುಗುತ್ತಿದ್ದ ಈ ಅವಧಿಯಲ್ಲೇ, 1974ರ ಮಾರ್ಚ್ 1ರಂದು, ದೇವರಾಜ ಅರಸರ ಸರಕಾರದ ಭೂಸುಧಾರಣಾ ತಿದ್ದುಪಡಿ ಕಾನೂನು ಜಾರಿಗೆ ಬಂದಿತು. ಗೇಣಿದಾರನು ಏಳನೆಯ ನಮೂನೆಯ ಅರ್ಜಿಯನ್ನು ತುಂಬಿ ಭೂನ್ಯಾಯಮಂಡಳಿಯ ಮುಂದೆ ನಿಂತು, ಉಳುವ ಹೊಲ ತನ್ನದೆಂದು ಕೇಳುವ ಹಕ್ಕು ಪಡೆದನು. ಚಿತ್ರವು ಬಿಡುಗಡೆಯಾದ ಸುಮಾರು ಹತ್ತು ವಾರಗಳಿಗೆ, 1975ರ ಅಕ್ಟೋಬರ್ 25ರಿಂದ ಜೀತಪದ್ಧತಿಯನ್ನು ರದ್ದುಗೊಳಿಸುವ ಕಾನೂನು ದೇಶಾದ್ಯಂತ ಊರ್ಜಿತವಾಯಿತು. ಈ ಕಾನೂನುಗಳು ಎಲ್ಲೆಡೆಯೂ ನ್ಯಾಯವಾಗಿ ನಡೆದವೆಂದು ಯಾರೂ ಹೇಳಲಾರರು. ಅರ್ಜಿ ಹಾಕದೆ ಹೆದರಿ ಕುಳಿತವರೂ ಇದ್ದರು, ಅರ್ಜಿ ಹಾಕಿ ಒಡೆಯನ ಮನೆಯ ಮುಂದೆ ತಲೆಯೆತ್ತಿ ನಡೆಯಲಾರದೆ ಹೋದವರೂ ಇದ್ದರು. ಆದರೂ ಅಲ್ಲಿ ಪೀಡಿತನೇ ವಾದಿ. ರಾಮಗಢದಲ್ಲಿ ವಾದಿ ಠಾಕೂರ್. ಊರವರು ಸಾಕ್ಷಿಗಳು ಕೂಡ ಅಲ್ಲ.

ಅದೇ 1974ರಲ್ಲಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ 'ಭೂತಯ್ಯನ ಮಗ ಅಯ್ಯು' ಬಂದಿತು. ಗೊರೂರು ರಾಮಸ್ವಾಮಿ ಅಯ್ಯಂಗಾರರ ಕಥೆಯನ್ನು ಆಧರಿಸಿದ ಅದರಲ್ಲಿ ಪೀಡಕನು ಬೆಟ್ಟದಿಂದ ಕುದುರೆಯೇರಿ ಬರುವವನಲ್ಲ, ಊರೊಳಗಿನ ಸಾಹುಕಾರ. ಅವನ ಹೆಣವನ್ನು ಹೊರಲು ಸಹ ಜನ ಮುಂದೆ ಬರುವುದಿಲ್ಲ. ದ್ವೇಷವು ಮಗನವರೆಗೂ ಹರಿದು, ಕೋರ್ಟು ಕಚೇರಿಗಳಲ್ಲಿ ಮನೆಗಳು ಕರಗಿ, ಕಡೆಗೆ ಅಯ್ಯು ಬದಲಾಗುತ್ತಾನೆ. ಕನ್ನಡದ ಚಿತ್ರವೆಂಬ ಅಭಿಮಾನದಿಂದ ಇದನ್ನು ಹೇಳುತ್ತಿಲ್ಲ. ಅದರ ಕೊನೆಯ ಭಾಗ ನಮಗೆ ತುಸು ಸುಲಭವೆಂದೇ ತೋರುತ್ತದೆ. ಆದರೆ ಅಲ್ಲಿ ಅನ್ಯಾಯದ ಬೇರು ಯಾವ ಮಣ್ಣಿನಲ್ಲಿದೆ ಎಂಬುದು ಕಾಣುತ್ತದೆ.

'ಶೋಲೆ'ಯ ಅಂತ್ಯವು ಎರಡು ಬಗೆಯಾದದ್ದು. ನಿರ್ದೇಶಕ ರಮೇಶ್ ಸಿಪ್ಪಿಯವರು ಮೊದಲು ಚಿತ್ರಿಸಿದ್ದು, ಠಾಕೂರನು ಮೊಳೆ ಬಡಿದ ಪಾದರಕ್ಷೆಗಳಿಂದ ಗಬ್ಬರನನ್ನು ಕೊಲ್ಲುವುದನ್ನು. ತುರ್ತುಪರಿಸ್ಥಿತಿಯ ದಿನಗಳ ಸೆನ್ಸಾರ್ ಮಂಡಳಿಯು ಇದನ್ನು ಒಪ್ಪಲಿಲ್ಲ. ಪೊಲೀಸರು ಬಂದು ಅಪರಾಧಿಯನ್ನು ಕರೆದೊಯ್ಯುವಂತೆ ಅದನ್ನು ಬದಲಿಸಲಾಯಿತು. ಅರ್ಧ ಶತಮಾನದ ಬಳಿಕ, 2025ರಲ್ಲಿ, ಮೂಲ ಅಂತ್ಯವನ್ನೊಳಗೊಂಡ ಪ್ರತಿ ಮತ್ತೆ ಪ್ರದರ್ಶಿತವಾಯಿತು. ಪ್ರಜೆಗಳ ಹಕ್ಕುಗಳನ್ನೇ ಅಮಾನತಿನಲ್ಲಿಟ್ಟಿದ್ದ ಆಳ್ವಿಕೆಯು ತೆರೆಯ ಮೇಲೆ ಕಾನೂನಿನ ಘನತೆಯನ್ನು ಕಾಪಾಡಲು ಹೊರಟದ್ದು ವಿಡಂಬನೆಯೇ ಸರಿ. ಮೂಲ ಅಂತ್ಯವೇ ಕಲೆಗೆ ಸತ್ಯವಾದದ್ದೆಂದು ರಸಿಕರ ಅಭಿಪ್ರಾಯ. ಕಲೆಯ ಮಟ್ಟಿಗೆ ನಮ್ಮದೂ ಅದೇ. ಮೂರು ಗಂಟೆಗಳ ಕಾಲ ಸೇಡಿಗೆ ಎಣ್ಣೆಯೆರೆದ ಕಥೆಗೆ ಪೊಲೀಸರ ಜೀಪು ತೇಪೆ ಹಚ್ಚಲಾರದು. ನ್ಯಾಯದ ಮಟ್ಟಿಗೆ ಹೇಳುವುದಾದರೆ ಎರಡು ಅಂತ್ಯಗಳೂ ಒಂದೇ. ಎರಡರಲ್ಲೂ ಊರವರ ಕೈ ಖಾಲಿ.

ಶರಣ ಬಂಧುಗಳಿಗೆ ಇಲ್ಲಿ ಕಲ್ಯಾಣದ ನೆನಪು ಬಾರದಿರದು. ಹರಳಯ್ಯ ಮಧುವರಸರು ತಮ್ಮ ಮಕ್ಕಳಿಗೆ ವಿವಾಹ ಸಂಬಂಧ ಬೆಳೆಸಿದ್ದಕ್ಕಾಗಿ ಬಿಜ್ಜಳನು ಅವರಿಗೆ ಘೋರಶಿಕ್ಷೆ ವಿಧಿಸಿದನೆಂದೂ, ಜಗದೇವನೇ ಮೊದಲಾದವರು ಬಿಜ್ಜಳನನ್ನು ಕೊಂದರೆಂದೂ ನಮ್ಮ ಪುರಾಣ ಪರಂಪರೆ ಹೇಳುತ್ತದೆ. ಕವಿಗಳ ಕಥನ ಒಂದೇ ತೆರನಾಗಿಲ್ಲ. ಬಿಜ್ಜಳವಧೆಯನ್ನು ಭಕ್ತಿಯ ವಿಜಯವೆಂದು ಹಾಡಿದವರೂ ಉಂಟು. ನಮ್ಮ ಮಠಗಳ ಪುರಾಣ ಪ್ರವಚನಗಳಲ್ಲಿ ಆ ಪ್ರಸಂಗಕ್ಕೆ ಚಪ್ಪಾಳೆ ಬೀಳುವುದನ್ನು ನಾವೆಲ್ಲ ಕೇಳಿದ್ದೇವೆ; ರಾಮಗಢಕ್ಕೆ ಬೀಳುವ ಚಪ್ಪಾಳೆಗೂ ಅದಕ್ಕೂ ಹೆಚ್ಚು ಅಂತರವಿಲ್ಲವೆಂದು ಹೇಳಿದರೆ ಯಾರೂ ಕೋಪಿಸಿಕೊಳ್ಳಬಾರದು. ಬಿಜ್ಜಳನ ಸಾವಿನಿಂದ ಹರಳಯ್ಯನ ಮನೆ ಮತ್ತೆ ನಿಲ್ಲಲಿಲ್ಲ. ಶರಣರು ಚದುರಿದರು, ವಚನಗಳ ಕಟ್ಟುಗಳೊಡನೆ ಉಳವಿಯ ಕಾಡಿನ ಹಾದಿ ಹಿಡಿದರು. ಹರಳಯ್ಯನ ಪಾಲಿಗೆ ಸಲ್ಲಬೇಕಾಗಿದ್ದ ನ್ಯಾಯವೆಂದರೆ ರಾಜನ ತಲೆಯಲ್ಲ, ಆ ಮದುವೆ. ಈ ಭೇದವನ್ನು ಕಥೆಗಾರರು ಮರೆತಾಗ ಕಥೆ ರೋಚಕವಾಗುತ್ತದೆ, ಪೀಡಿತನು ಕಥೆಯಿಂದ ಹೊರಗುಳಿಯುತ್ತಾನೆ.

ಮದುವೆಯ ಮಾತು ಬಂದುದರಿಂದ ರಾಧೆಯನ್ನು ಮರೆಯಲಾಗದು. ಠಾಕೂರನ ವಿಧವೆ ಸೊಸೆ, ಮುಸ್ಸಂಜೆಯಲ್ಲಿ ಒಂದೊಂದೇ ದೀಪವನ್ನು ಸಣ್ಣದು ಮಾಡುವವಳು. ಅವಳ ಮರುಮದುವೆಯ ಮಾತನ್ನು ಠಾಕೂರನೇ ಅವಳ ತಂದೆಯ ಬಳಿ ಎತ್ತುತ್ತಾನೆ. ಚಿತ್ರದ ಅತ್ಯಂತ ಧೀರವಾದ ನಡೆ ಇದು, ಬಂದೂಕಿನ ನಡೆಗಳಿಗಿಂತ ಧೀರವಾದದ್ದು. ಅಷ್ಟರಲ್ಲಿ ಕಥೆಯು ಜೈನನ್ನು ಕೊಲ್ಲುತ್ತದೆ, ಅವಳು ಕಿಟಕಿಯನ್ನು ಮುಚ್ಚುತ್ತಾಳೆ. ಪ್ರೇಕ್ಷಕರು ಕಣ್ಣೀರಿಡುತ್ತಾರೆ, ಸಮಾಜವೂ ನಿಟ್ಟುಸಿರು ಬಿಡುತ್ತದೆ. ಠಾಕೂರನಿಗೆ ಸಿಕ್ಕಿದ್ದು ಅವಳಿಗೆ ಏಕೆ ಸಿಗಲಿಲ್ಲವೆಂದು ಕೇಳುವ ವ್ಯವಧಾನ ಯಾರಿಗೂ ಇರುವುದಿಲ್ಲ.

ಇದೇ ಬಂಡೆಗಳು 1984ರಲ್ಲಿ ಇನ್ನೊಂದು ಕಲ್ಪಿತ ಲೋಕಕ್ಕೂ ಆಸರೆಯಾದವು. ಡೇವಿಡ್ ಲೀನ್ ನಿರ್ದೇಶಿಸಿದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಮರಬಾರ್ ಗುಹೆಗಳಿಗಾಗಿ ಆರಿಸಿಕೊಂಡದ್ದು ಮಾಗಡಿಯ ಸಾವನದುರ್ಗವನ್ನೂ ರಾಮದೇವರ ಬೆಟ್ಟವನ್ನೂ. ಫಾರ್ಸ್ಟರರ 1924ರ ಆ ಕಾದಂಬರಿಯಲ್ಲಿ ಡಾಕ್ಟರ್ ಅಜೀಜನು ನ್ಯಾಯಾಲಯದಲ್ಲಿ ಬಿಡುಗಡೆ ಹೊಂದುತ್ತಾನೆ. ಆಮೇಲೆ ಅವನ ಆಂಗ್ಲ ಮಿತ್ರನೇ ನಷ್ಟಪರಿಹಾರವನ್ನು ಬಿಟ್ಟುಕೊಡೆಂದು ಅವನ ಔದಾರ್ಯವನ್ನು ಬೇಡುತ್ತಾನೆ. ಉದಾರಿಯಾಗುವ ಹೊಣೆಯೂ ನೊಂದವನ ಹೆಗಲಿಗೇ! ಬಿಡುಗಡೆಯೇ ನ್ಯಾಯವಲ್ಲವೆಂಬ ಕಹಿಯನ್ನು ಆ ಲೇಖಕನು ನುಂಗಿಕೊಳ್ಳಲಿಲ್ಲ.

ರಾಮಗಢದ ಮೊದಲ ದೃಶ್ಯಗಳಲ್ಲಿ ದವಸದ ಚೀಲಗಳು ಡಕಾಯಿತರ ಪಾಲಾಗುತ್ತವೆ. ಆ ಚೀಲಗಳನ್ನು ಕಂಡಾಗ ನಮಗೆ ನೆನಪಾಗುವುದು ಬೇರೆಯದೇ. ಅದೇ ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿ, 2019ರ ಜನವರಿ 21ರಂದು ಲಿಂಗೈಕ್ಯರಾದ ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು ರೈತರ ಕಣಗಳಿಂದ ಬಂದ ಕಾಳನ್ನೇ ದಾಸೋಹದ ಒಲೆಗೆ ಸುರಿದರು. ಮಠದಲ್ಲಿ ಉಂಡು ಓದಿದವರು ಅಂಥ ಚೀಲಗಳನ್ನು ಬಂಡಿಯಿಂದ ಇಳಿಸಿದ್ದಾರೆ, ಬೆನ್ನ ಮೇಲೆ ಹೊತ್ತು ಉಗ್ರಾಣಕ್ಕೆ ಒಯ್ದಿದ್ದಾರೆ. ಒಂದು ಚೀಲ ರಾಗಿಯ ಭಾರ ಎಷ್ಟೆಂಬುದು ಅವರಿಗೆ ಗೊತ್ತು. ತೆರೆಯ ಮೇಲೆ ಆ ಚೀಲಗಳನ್ನು ತುಂಬಿದವರ ಹೆಸರುಗಳು ಮಾತ್ರ ಮೂರು ಗಂಟೆಗಳ ಕಾಲ ನೋಡಿದರೂ ನಮಗೆ ತಿಳಿಯುವುದಿಲ್ಲ.